ದುರ್ಗಿಯ ಗಂಟಲು

ನನ್ನ ಚಹಾದಂಗಡಿಯ ಹಿಂದೆ ಸೌದೆ ಒಟ್ಟುವ ಒಂದು ಮಾಡು ಇದೆ. ಅದರ ಕೆಳಗೆ ದುರ್ಗಿ ಎಂಬ ಹೆಂಗಸು ಮಲಗುತ್ತಾಳೆ. ಬಸ್ಸಿಗೆ ಕಾಯುವ ಹೊಸಬರು ಅವಳನ್ನು ನೋಡಿ, “ಪಾಪ, ಮೂಕಿಯಾ?” ಎಂದು ನನ್ನನ್ನು ಕೇಳುತ್ತಾರೆ. ಮೂಕಿಯಂತೆ ಮೂಕಿ! ಕೈಯಲ್ಲಿರುವ ಚಹಾವನ್ನು ಅವರ ಮುಖಕ್ಕೇ ಎರಚಿಬಿಡಬೇಕು ಅನ್ನಿಸುತ್ತದೆ ನನಗೆ. ಈ ಹೆಂಗಸಿನ ಗಂಟಲಿನಿಂದ ಒಂದು ಕೇರಿಗೆ ಕೇರಿಯೇ ಬದುಕಿಕೊಂಡಿದೆ. ಆ ಕೇರಿಯವರೇ ಅವಳ ಬಾಯಿ ಮುಚ್ಚಿಸಿದರು. ಅದನ್ನು ಯಾರಾದರೂ ಹೇಳಬೇಕಲ್ಲ, ನಾನೇ ಹೇಳುತ್ತೇನೆ.

ನಾನು ಪಾರ್ವತವ್ವ. ಬನವಾಸಿ ಕಡೆಯವಳು. ಗಂಡನ ಲಾರಿಯ ಹಿಂದೆ ಬಂದು, ಹೇರೂರಿನಿಂದ ಸಿದ್ದಾಪುರಕ್ಕೆ ಹೋಗುವ ದಾರಿಯ ಈ ಕ್ರಾಸಿನಲ್ಲಿ ಅಂಗಡಿ ಇಟ್ಟೆ. ಗಂಡ ಹೋದ, ಅಂಗಡಿ ಉಳಿಯಿತು. ನನ್ನ ಮಾತು ಒರಟು ಎಂದು ಇಲ್ಲಿಯವರು ಹೇಳುತ್ತಾರೆ. ಒರಟಾದರೆ ಒರಟು. ಮಿರ್ಚಿ ತಿನ್ನಲು ಬರುವವರಿಗೆ ಸಕ್ಕರೆಯ ಮಾತು ಯಾಕೆ ಬೇಕು?

ಅಂಗಡಿಯಿಂದ ಕೆಳಗೆ ಇಳಿದರೆ ಹರಗಿನಕೇರಿ. ದುರ್ಗಿ ಅಲ್ಲಿಗೆ ಮದುವೆಯಾಗಿ ಬಂದದ್ದು ಹುಲಗೋಳದಿಂದ. ಅವಳಪ್ಪ ಗದ್ದೆಯ ಬೇಸಾಯದವನು. ಭತ್ತ ತೆನೆ ಕಟ್ಟುವ ಕಾಲಕ್ಕೆ ಹಂದಿ ಕಾಯಲು ಗದ್ದೆಯ ನಡುವೆ ಮಾಳ ಕಟ್ಟಿ, ಗಂಡುಮಕ್ಕಳಿಲ್ಲದ್ದರಿಂದ ಮಗಳನ್ನೇ ಅದರ ಮೇಲೆ ಕೂರಿಸುತ್ತಿದ್ದ. ಡಬ್ಬ ಬಡಿ, ಕೂಗು, ಇಷ್ಟೇ ಕೆಲಸ. ಕೂಗಿ ಕೂಗಿ ಹುಡುಗಿಗೆ ಗಂಟಲು ಎಂಥದು ಬಂತೆಂದರೆ, ಅವಳು ಹಿತ್ತಲಲ್ಲಿ ಕರುವನ್ನು ಕರೆದರೆ ಆಚೆ ಊರಿನ ಕರುಗಳೂ ತಲೆಯೆತ್ತುತ್ತಿದ್ದವಂತೆ. ಮದುವೆಯಾದ ಹೊಸದರಲ್ಲಿ ಅವಳ ಗಂಡ ಚೌಡ, “ನಿಧಾನ ಮಾತಾಡೇ ಮಾರಾಯ್ತಿ, ನಾನು ಇಲ್ಲೇ ಕೂತಿದ್ದೀನಿ” ಎನ್ನುತ್ತಿದ್ದನೆಂದು ದುರ್ಗಿಯೇ ನನಗೆ ಹೇಳಿ ನಕ್ಕಿದ್ದಳು. ಒಳ್ಳೆಯ ಮನುಷ್ಯ. ಅಡಿಕೆ ಗೊನೆ ಇಳಿಸಲು ಹತ್ತಿದ ಮರ ಮುರಿದು ಬಿದ್ದು ಸತ್ತ. ಮಕ್ಕಳಾಗಿರಲಿಲ್ಲ.

ಗಂಡನೂ ಇಲ್ಲ, ಮಕ್ಕಳೂ ಇಲ್ಲ, ಕಳೆದುಕೊಳ್ಳಲು ಏನೂ ಇಲ್ಲ ಎಂದು ಕೇರಿಯವರು ಲೆಕ್ಕ ಹಾಕಿದರೋ ಏನೋ, ತಮ್ಮ ಜಗಳವನ್ನೆಲ್ಲ ಅವಳ ಬಾಯಿಗೆ ಕಟ್ಟಿದರು. ನಲ್ಲಿಯಲ್ಲಿ ನೀರು ಬರಲಿಲ್ಲವೇ, ದುರ್ಗಿ ಪಂಚಾಯ್ತಿಗೆ ಹೋಗಲಿ. ರೇಷನ್ ಅಂಗಡಿಯಲ್ಲಿ ತೂಕ ಕಡಿಮೆಯೇ, ದುರ್ಗಿ ಕೇಳಲಿ. ಅವಳು ಮುಂದೆ ನಿಂತು ಕೂಗುವಾಗ ಹಿಂದೆ ಇಪ್ಪತ್ತು ಜನ. ಅಧಿಕಾರಿ ತಿರುಗಿ, “ಮತ್ಯಾರದ್ದು ದೂರಿದೆ?” ಎಂದರೆ ಇಪ್ಪತ್ತೂ ಜನ ಮರದ ಮೇಲಿನ ಕಾಗೆ ನೋಡುತ್ತಾರೆ. ಕೆಲಸ ಆದಮೇಲೆ ನನ್ನ ಅಂಗಡಿಯಲ್ಲೇ ಕೂತು, “ಆ ಬಾಯಿಬಡಕಿ ಇದ್ಲು, ಹಂಗಾಗಿ ಆತು” ಎಂದು ಹಲ್ಲು ಕಿರಿಯುತ್ತಿದ್ದರು. ನಾನು ಕೇಳಿಸಿಕೊಂಡಿದ್ದೇನೆ, ನನ್ನ ಕಿವಿಯಾರೆ.

ಗುಡ್ಡ ಕುಸಿದ ಬೆಳಿಗ್ಗೆ ಅವಳು ಕೊಟ್ಟಿಗೆಯಲ್ಲಿದ್ದಳು. ಹಿಂದಿನ ಗುಡ್ಡದ ಧರೆಯಿಂದ ಕೆಂಪು ನೀರು ಬುಗ್ಗೆಯಂತೆ ಏಳುವುದನ್ನು ಕಂಡವಳೇ ಕೂಗಿದಳು. ಆ ಕೂಗು ನನಗೆ ಇಲ್ಲಿ, ಒಲೆಯ ಮುಂದೆ, ಕೇಳಿಸಿತು. ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಜನ ಹೊರಗೆ ಓಡಿದರು. ಗಂಗೆ ಎಂಬ ಹುಡುಗಿ, ಅವಳ ಗಂಡ ಗಣಪ ಕರಾವಳಿಯ ಕಲ್ಲು ಕ್ವಾರಿಗೆ ಹೋಗಿದ್ದ, ಅವಳು ಮಗುವನ್ನು ಎತ್ತಿಕೊಂಡು ಹೊಸಿಲು ದಾಟಿದ್ದೇ ತಡ ಹಿಂದಿನ ಗೋಡೆ ಬಿತ್ತು. ಕೇರಿಯಲ್ಲಿ ಒಬ್ಬರೂ ಸಾಯಲಿಲ್ಲ. ದುರ್ಗಿಯ ಮನೆ ಮಾತ್ರ ಕೊಟ್ಟಿಗೆ, ಹಸು, ಪಾತ್ರೆ ಪಗಡಿ ಸಮೇತ ಮಣ್ಣಿನಡಿ ಹೋಯಿತು. ಉಳಿದವರವು ಅರ್ಧಂಬರ್ಧ ನಿಂತವು. ಅವತ್ತು ಎಲ್ಲರೂ ಅವಳ ಕಾಲು ಹಿಡಿಯುವುದೊಂದು ಬಾಕಿ. ಗಂಗೆಯಂತೂ, “ನನ್ ಮಗು ನೀ ಕೊಟ್ಟಿದ್ದು ಅಕ್ಕ” ಎಂದು ಅತ್ತಳು. ನೆನಪಿಟ್ಟುಕೊಳ್ಳಿ ಆ ಮಾತನ್ನು.

ಆಮೇಲೆ ಸಂಸ್ಥೆಯವರು ಬಂದರು. ದೊಡ್ಡ ಊರಿನ ಸಂಸ್ಥೆ, ಹೊರದೇಶದ ದುಡ್ಡು, ಬಿಳಿ ಜೀಪು. ಸದ್ಯಕ್ಕೆ ಇರಲು ಟಾರ್ಪಾಲಿನ ಶೆಡ್ಡು ಹಾಕಿಸಿ, ಕಂಬಳಿ, ಅಕ್ಕಿ ಕೊಟ್ಟರು. ರಸ್ತೆಯಂಚಿನ ಜಾಗದಲ್ಲಿ ಶೀಟಿನ ಮನೆ ಕಟ್ಟಿಸಿಕೊಡುತ್ತೇವೆ ಎಂದರು. ಮನೆ ಪೂರ್ತಿ ಹೋಗಿದ್ದ ದುರ್ಗಿಯ ಹೆಸರು ಮೊದಲನೆಯದೇ ಗಟ್ಟಿಯಾಯಿತು. ಅರ್ಧ ಬಿದ್ದವರಿಗೆ ಮಾತ್ರ ಊರ ಸಮಿತಿಯ ಶಿಫಾರಸು ಬೇಕು. ಮನೆಗಳು ಕಡಿಮೆ, ಕೇಳುವವರು ಹೆಚ್ಚು. ಸಮಿತಿಯ ಅಧ್ಯಕ್ಷ ಅದೇ ಕೇರಿಯ ಉಲ್ಲಾಸ. ಇಸ್ತ್ರಿ ಅಂಗಿ, ಬುಲೆಟ್ ಗಾಡಿ, ಎಲ್ಲರನ್ನೂ ಅಣ್ಣ ಅಕ್ಕ ಎಂದು ಕರೆಯುವ ನಾಲಿಗೆ. ಅವನ ಮನೆಗೂ ತೋಟಕ್ಕೂ ಒಂದು ಹೆಂಟೆ ಮಣ್ಣು ತಾಗಿರಲಿಲ್ಲ.

ಸಂಸ್ಥೆಯಲ್ಲಿ ಜನರ ದೂರು ಕೇಳುವುದಕ್ಕೆಂದೇ ಒಬ್ಬ ಇದ್ದ. ಆನಂದ ಎಂದು ಹೆಸರು, ನಮ್ಮ ಬನವಾಸಿ ಕಡೆಯ ಹುಡುಗ, ಓದಿದವನು. ಅವನು ಮೊದಲು ಒಂದು ಹಸಿರು ಪೆಟ್ಟಿಗೆ ತೂಗುಹಾಕಿಸಿದ. ಎಲ್ಲಿ ಗೊತ್ತೇ? ಉಲ್ಲಾಸನ ಜಗಲಿಯ ಕಂಬಕ್ಕೆ! ಉಲ್ಲಾಸನ ಹೆಂಡತಿ ರೋಹಿಣಿ ಅಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಅವಳ ಕಣ್ಣೆದುರು ಯಾರು ಹೋಗಿ ಚೀಟಿ ಹಾಕುತ್ತಾರೆ? ಬಹಳ ದಿನದ ಮೇಲೆ ಬೀಗ ತೆಗೆದರೆ ಒಳಗೆ ಕಣಜ ಗೂಡು ಕಟ್ಟಿತ್ತು. ಈ ಊರಿನಲ್ಲಿ ದೂರುಗಳೇ ಇಲ್ಲವೆಂದು ಆನಂದ ಮೇಲಿನವರಿಗೆ ವರದಿ ಕಳಿಸಿದ. ಅವರು ನಂಬಲಿಲ್ಲ. ಜನ ಬಾಯಿ ಬಿಡುವಂಥ ಒಬ್ಬರನ್ನು ಊರಿನಲ್ಲೇ ಹುಡುಕು ಎಂದರು.

ಅವನು ದುರ್ಗಿಯನ್ನು ಹುಡುಕಿದ. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತೇ ಅವಳಿಗೆ ಕೆಲಸ ಹೇಳಿಕೊಟ್ಟ.

“ಅಕ್ಕಾರ, ನೀವು ಬರೇ ಕೇಳ್ರಿ. ಕೇಳಿದ್ದನ್ನ ನನಗ ತಂದು ಹೇಳ್ರಿ. ಯಾರು ಹೇಳಿದ್ರು ಅನ್ನೋದು ಮಾತ್ರ ನಿಮ್ಮ ಹೊಟ್ಟ್ಯಾಗ ಇರಲಿ. ಸತ್ರೂ ಹೆಸರು ಹೊರಗ ಬರಬಾರ್ದು.”

“ಸತ್ರೂ ಹೇಳೂದಿಲ್ಲ” ಎಂದಳು ದುರ್ಗಿ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹುಡುಗ ನಕ್ಕ. ಅವನಿಗೆ ಅದು ತರಬೇತಿಯ ಮಾತು. ಇವಳಿಗೆ ಅದು ಆಣೆ.

ಅವಳಿಗೊಂದು ನೀಲಿ ಕೋಟು ಕೊಟ್ಟರು, ಬೆನ್ನ ಮೇಲೆ ಸಂಸ್ಥೆಯ ಹೆಸರು. ಅದನ್ನು ಸೀರೆಯ ಮೇಲೆ ಹಾಕಿಕೊಂಡು ಅವಳು ನಡೆದದ್ದೇ ನಡೆದದ್ದು! ಹರಿದ ಟಾರ್ಪಾಲು ಬದಲಾಯಿತು. ಹುಳ ಹಿಡಿದ ಬೇಳೆ ವಾಪಸಾಯಿತು. ಮುದುಕಿ ಕಲ್ಲವ್ವನ ಮಂಡಿನೋವಿಗೆ ಶೆಡ್ಡಿನ ಹತ್ತಿರವೇ ಕಕ್ಕಸು ಬಂತು. ಎಲ್ಲ ದುರ್ಗಿ ಹೇಳಿದ್ದರಿಂದ. ನನ್ನ ಜನ್ಮದಲ್ಲಿ ಅವಳನ್ನು ಅಷ್ಟು ಖುಷಿಯಾಗಿ ನಾನು ನೋಡಿದ್ದು ಆ ದಿನಗಳಲ್ಲಿ ಮಾತ್ರ. “ಪಾರ್ವತಕ್ಕ, ಮೊದ್ಲೆಲ್ಲ ಕೂಗಿದ್ರೆ ಜಗಳಗಂಟಿ ಅಂತಿದ್ರು. ಈಗ ಸಾರ್ ಕೂತ್ಕಂಡು ಕೇಳ್ತಾರೆ ನೋಡು” ಎಂದು ಹೇಳುತ್ತಿದ್ದಳು.

ಅಡಿಕೆ ಸುಲಿಯುವ ಕಾಲ ಬಂತು. ನಮ್ಮಲ್ಲಿ ಸುಲಿತ ಎಂದರೆ ಹೆಂಗಸರ ಕೆಲಸ. ಸಂಜೆ ಅಡಿಕೆಯವರ ಮನೆಯಂಗಳದಲ್ಲಿ ಸಾಲಾಗಿ, ಕಾಲಿನಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ, ಸುಲಿದು ಡಬ್ಬ ತುಂಬಿಸಿದಷ್ಟಕ್ಕೆ ಕೂಲಿ ತೆಗೆದುಕೊಂಡು ಹೋಗುತ್ತಾರೆ. ಆ ವರ್ಷ ಉಲ್ಲಾಸ ಹೊಸ ಪದ್ಧತಿ ಮಾಡಿದ. ಮನೆ ಅರ್ಧ ಬಿದ್ದವರೆಲ್ಲ ಅವನಲ್ಲಿ ಸುಲಿಯಬೇಕು. ಕೂಲಿ ಇಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಕಳ್ಳ. “ನಿಮ್ಮ ಹೆಸರು ಬರೀಬೇಕಲ್ಲ, ಒಂಚೂರು ಕೈ ಹಚ್ಚಿ ಅಕ್ಕಾ” ಎಂದ. ಹೆಂಗಸರು ಹಗಲೆಲ್ಲ ಬೇರೆಯವರಲ್ಲಿ ದುಡಿದು, ಸಂಜೆ ಅವನ ಅಂಗಳದಲ್ಲಿ ಬಿಟ್ಟಿ ಕೂತರು. ಹೋಗುವಾಗ ಬರುವಾಗ ನನ್ನ ಅಂಗಡಿಯೆದುರು ನಿಂತು ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಅವನ ಬುಲೆಟ್ಟಿನ ಸದ್ದು ಕೇಳಿದ ಕೂಡಲೇ, “ಉಲ್ಲಾಸಣ್ಣ ಬಂದ್ರು” ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಗಂಗೆಯ ಮಗು ಶಾಂಭವಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಒಂದು ಸಂಜೆ ಮಗುವಿಗೆ ಹಾಗೆ ಆದದ್ದರಿಂದ ಅವಳು ಸುಲಿತಕ್ಕೆ ಹೋಗಲಿಲ್ಲ. ಮರುದಿನ ಉಲ್ಲಾಸ, “ಗಂಗೆಗೆ ಮನೆ ಬೇಡ ಕಾಣ್ತದೆ” ಎಂದನಂತೆ, ನಗುತ್ತಲೇ. ಆಮೇಲೆ ಅವಳು ಜ್ವರದಲ್ಲೂ ಹೋಗಿ ಕೂತಳು. ಕಣ್ಣು ಮಂಜಾಗಿ ಅಡಿಕೆ ಜಾರಿತು, ಮೆಟ್ಟುಗತ್ತಿ ಹೆಬ್ಬೆರಳನ್ನು ಸೀಳಿತು. ಅಡಿಕೆಯ ಚೊಗರು ಆ ಗಾಯಕ್ಕೆ ಇಳಿದರೆ ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ರೋಹಿಣಿ ಒಂದು ಬಟ್ಟೆ ಚೂರು ಕೊಟ್ಟು, “ಅಡಿಕೆ ಮೇಲೆ ರಕ್ತ ಆಗ್ಬಾರ್ದು, ಆ ಕಡೆ ಕೂತ್ಕ” ಎಂದಳು. ಗಾಯ ಕೀವಾಯಿತು.

ಗಂಗೆ ದುರ್ಗಿಯ ಹತ್ತಿರ ಬಂದು ಅತ್ತಳು. ನನ್ನ ಅಂಗಡಿಯಲ್ಲಿಯೇ, ನನ್ನೆದುರಿಗೇ.

“ನೀ ಹೇಳಕ್ಕ. ನನ್ ಹೆಸರು ಮಾತ್ರ ಬರೂಕಾಗ.”

“ನನ್ ಹೊಟ್ಟೇಲಿ ಬಿದ್ದಿದ್ದು ಹೊರಗೆ ಬರೂದಿಲ್ಲ, ಹೋಗು” ಎಂದಳು ದುರ್ಗಿ. ಅವತ್ತೇ ಆನಂದನಿಗೆ ಫೋನು ಮಾಡಿ, ಹೆಸರು ಬಿಟ್ಟು ಎಲ್ಲ ಹೇಳಿದಳು. ಉಲ್ಲಾಸನ ಬಿಟ್ಟಿ ಸುಲಿತ, ಬೆದರಿಕೆ, ಒಬ್ಬಳ ಕೈ ಸೀಳಿದ್ದು, ಎಲ್ಲ.

ಈಗ ಆ ಓದಿದ ಮಗನ ಬುದ್ಧಿ ಕೇಳಿ. ದೂರು ಬಂದರೆ ಊರ ಸಭೆಯಲ್ಲೇ ಉತ್ತರ ಕೊಡಬೇಕೆಂದು ಅವರಲ್ಲಿ ನಿಯಮವಂತೆ. ಆನಂದ ಜೀಪಿನಲ್ಲಿ ಬಂದ, ಎಲ್ಲರನ್ನೂ ಶೆಡ್ಡಿನ ಮುಂದೆ ಕೂರಿಸಿದ, ಎದ್ದು ನಿಂತು ಶುರುಮಾಡಿದ.

“ನಾವು ಯಾರ ಹೆಸರೂ ಹೇಳಂಗಿಲ್ರಿ. ಆದ್ರ ಇಲ್ಲಿ ಮನಿ ಆಸೆ ತೋರಿಸಿ ಬಿಟ್ಟಿ ಅಡಿಕಿ ಸುಲಸ್ತಾರ, ಒಬ್ಬ ತಾಯಿಗೆ ಕೈ ಕೊಯ್ದೈತಿ ಅಂತ ದೂರು ಬಂದೈತಿ. ಇದು ತಪ್ಪು. ನಾವು ವಿಚಾರಣೆ ಮಾಡ್ತೀವಿ.”

ಹೆಸರು ಹೇಳಲಿಲ್ಲವಂತೆ! ಅಷ್ಟು ಹೆಂಗಸರಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕೂತವಳು ಒಬ್ಬಳೇ. ಕೇರಿಗೆ ಕೇರಿಯೇ ತಿರುಗಿ ಗಂಗೆಯನ್ನು ನೋಡಿತು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಉಲ್ಲಾಸ ಮಾತ್ರ ಕದಲಲಿಲ್ಲ. “ಸಾರ್ ಹೇಳಿದ್ದು ಸರಿ, ಹಂಗೆಲ್ಲ ಆಗ್ಬಾರ್ದು” ಎಂದು ತಲೆದೂಗಿ, ಆನಂದನಿಗೆ ಎಳನೀರು ಕೆತ್ತಿಸಿ ಕೊಟ್ಟ. ಜೀಪು ಹೋಯಿತು.

ಮರುದಿನ ಉಲ್ಲಾಸ ಚೌಡಿಗೆ ಹುಯಿಲು ಕೊಟ್ಟ.

ಕೇರಿಯ ಗಡಿಯಲ್ಲಿ, ನನ್ನ ಅಂಗಡಿಯಿಂದ ಕಾಣುವಷ್ಟು ದೂರದಲ್ಲಿ, ಮರದಡಿ ಊರದೇವತೆ ಚೌಡಿಯ ಕಲ್ಲಿದೆ. ಮನುಷ್ಯರಲ್ಲಿ ಬಗೆಹರಿಯದ ದೂರನ್ನು ಇಲ್ಲಿಯವರು ಚೌಡಿಗೆ ಒಪ್ಪಿಸುತ್ತಾರೆ. ಅದಕ್ಕೇ ಹುಯಿಲು ಎನ್ನುವುದು. ಒಮ್ಮೆ ಕೊಟ್ಟರೆ, ತಪ್ಪು ಮಾಡಿದವರು ಅದೇ ಕಲ್ಲಿನೆದುರು ಹತ್ತು ಜನರ ಮುಂದೆ ಒಪ್ಪಿಕೊಳ್ಳುವ ತನಕ ಅದು ಬಿಡುವುದಿಲ್ಲ ಎಂದು ನಂಬಿಕೆ. ಸಂಸ್ಥೆಗೆ ಕೊಟ್ಟ ದೂರಿಗೆ ಜೀಪು ಬರುತ್ತದೆ. ಚೌಡಿಗೆ ಕೊಟ್ಟ ದೂರಿಗೆ ಮನೆಯಲ್ಲಿ ಮಕ್ಕಳು ಹಾಸಿಗೆ ಹಿಡಿಯುತ್ತವೆ. ಯಾವುದಕ್ಕೆ ಹೆಚ್ಚು ಹೆದರುತ್ತಾರೆಂದು ಉಲ್ಲಾಸನಿಗೆ ಚೆನ್ನಾಗಿ ಗೊತ್ತಿತ್ತು. ಅಡಿಕೆ ಹೂವಿನ ಸಿಂಗಾರ ಇಟ್ಟು, ಕಾಯಿ ಒಡೆದು, ಎಲ್ಲರಿಗೂ ಕೇಳುವಂತೆ ಹೇಳಿದ:

“ನನ್ ಮೇಲೆ ಇಲ್ಲದ್ದು ಹೇಳಿದವರು ಯಾರೇ ಇರ್ಲಿ ತಾಯಿ, ಅವರ ಹೊಟ್ಟೇಲಿ ಹುಟ್ಟಿದ್ದನ್ನ ನೀನೇ ನೋಡ್ಕ.”

ಹೊಟ್ಟೆಯಲ್ಲಿ ಹುಟ್ಟಿದ್ದು! ಕೈಗೆ ಬಟ್ಟೆ ಸುತ್ತಿಕೊಂಡವಳ ಹೊಟ್ಟೆಯಲ್ಲಿ ಹುಟ್ಟಿದ್ದು ಒಂದೇ ಒಂದು ಮಗು, ಅದಕ್ಕೆ ಫಿಟ್ಸ್ ಎಂದು ಇಡೀ ಕೇರಿಗೆ ಗೊತ್ತು. ಅವನು ಆರಿಸಿಯೇ ಆಡಿದ ಮಾತು ಅದು. ಅವನ ನಾಲಿಗೆ ಸೇದಿಹೋಗಲಿ ಎಂದು ನಾನು ನನ್ನ ಬಾಗಿಲಲ್ಲೇ ನಿಂತು ಬೈದೆ.

ಅದೇ ವಾರ ಮಗುವಿಗೆ ಫಿಟ್ಸ್ ಬಂತು. ಮೊದಲೂ ಬರುತ್ತಿತ್ತು, ಈಗಲೂ ಬಂತು. ಅಷ್ಟೇ. ಆದರೆ ಗಂಗೆಗೆ ಅದನ್ನು ಹೇಳುವವರು ಯಾರು? ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದಳು. ದುರ್ಗಿ ಇಲ್ಲೇ ಚಹಾ ಕುಡಿಯುತ್ತಿದ್ದಳು.

“ನೀ ಹೇಳಿದ್ದು ಸುಳ್ಳಾ ಗಂಗೆ?” ದುರ್ಗಿ ಕೇಳಿದಳು.

“ಸುಳ್ಳಲ್ಲ ಅಕ್ಕ. ಕೈ ನೋಡು.”

“ಮತ್ತೆಂತಕೆ ಹೆದರ್ತೆ? ಸುಳ್ಳು ಹೇಳ್ದವ ಅವ. ತಟ್ಟಿದ್ರೆ ಅವಂಗೇ ತಟ್ತದೆ.”

“ಅವ್ರು ಕಾಯಿ ಒಡೆದಾರೆ ಅಕ್ಕ, ನಾನು ಒಡೀಲಿಲ್ಲ. ಚೌಡಿ ಯಾರ ಮಾತು ಮೊದ್ಲು ಕೇಳ್ತಾಳೆ? ನನ್ ಮಗು ಹೋದ್ಮೇಲೆ ನಿಜ ಗೊತ್ತಾದ್ರೆ ಎಂತ ಬಂತು?”

“ಹಂಗಾದ್ರೆ ನೀನೂ ಹುಯಿಲು ಕೊಡವ್ವ, ಕಾಯಿ ನಾ ಕೊಡ್ತೀನಿ” ಎಂದೆ ನಾನು. ಗಂಗೆ ನನ್ನ ಕಡೆ ನೋಡಲೂ ಇಲ್ಲ.

“ಅವ್ರ ವಿರುದ್ಧ ಹುಯಿಲು ಕೊಟ್ರೆ ಮನೆ ಸಿಕ್ತದಾ?” ಎಂದು ದುರ್ಗಿಯನ್ನೇ ಕೇಳಿದಳು. ಆಮೇಲೆ ಅವಳ ಕಾಲು ಹಿಡಿದುಕೊಂಡಳು. “ನೀ ಒಪ್ಕಂಡುಬಿಡಕ್ಕ. ನಿಂಗೆ ಮಕ್ಕಳಿಲ್ಲ. ನಿಂಗೆ ಎಂತದೂ ತಟ್ಟೂದಿಲ್ಲ.”

ಶಿವ ಶಿವಾ! ಮಕ್ಕಳಿಲ್ಲದವಳ ಮುಖಕ್ಕೆ ಹೇಳುವ ಮಾತೇ ಅದು? ಸೌಟು ಎತ್ತಿಕೊಂಡಿದ್ದೆ, ದುರ್ಗಿ ನನ್ನ ಕೈ ಹಿಡಿದಳು. ಮಗುವಿನ ತುಟಿಯ ಕೊನೆಯಲ್ಲಿ ನೊರೆ ಒಣಗಿತ್ತು. ದುರ್ಗಿ ತನ್ನ ಸೆರಗಿನಿಂದ ಅದನ್ನು ಒರೆಸಿದಳು. ಆಮೇಲೆ, “ಅಳ್ಬೇಡ, ಹೋಗು” ಎಂದಳು.

ನಾನು ಸುಮ್ಮನೆ ಕೂರುವವಳಲ್ಲ. ಆನಂದನಿಗೆ ನನ್ನ ಫೋನಿನಿಂದಲೇ ಕರೆ ಮಾಡಿದೆ.

“ತಮ್ಮಾ, ನಾ ಕಣ್ಣಾರೆ ನೋಡೀನಿ. ಹೆಂಗಸರು ಬಿಟ್ಟಿ ಸುಲ್ಯಾಕ ಹೋಗೂದು ದಿನಾ ನನ್ನ ಅಂಗಡಿ ಮುಂದ. ನನ್ನ ಹೆಸರು ಹಾಕ್ಕೊ, ನಾ ಯಾರಿಗೂ ಅಂಜಂಗಿಲ್ಲ.”

“ಅಮ್ಮಾರ, ನೀವು ಫಲಾನುಭವಿ ಅಲ್ಲಲ್ರಿ” ಎಂದ. “ನೆರವು ತಗೊಂಡವರು ಹೇಳಿದ್ರ ಮಾತ್ರ ನಮಗ ದೂರು. ಹೊರಗಿನವರ ಮಾತು ನಾವು ತಗೊಳ್ಳಂಗಿಲ್ರಿ.”

“ಮತ್ತ ಬಂದು ಅವರನ್ನ ಒಬ್ಬೊಬ್ಬರನ್ನಾಗಿ ಕೇಳಲ್ಲೋ!”

“ವಿಚಾರಣೆಗೆ ಬರ್ತೀನ್ರಿ, ಮುಂದಿನ ವಾರ.”

ಮುಂದಿನ ವಾರದ ತನಕ ಚೌಡಿ ಕಾಯುತ್ತಾಳೆಯೇ? ಉಲ್ಲಾಸನೇ ದಿನ ಗೊತ್ತುಮಾಡಿ ಎಲ್ಲರನ್ನೂ ಕಲ್ಲಿನೆದುರು ಸೇರಿಸಿದ. ಅಂಗಡಿಗೆ ಬಾಗಿಲು ಎಳೆದು ನಾನೂ ಹೋದೆ.

ದುರ್ಗಿ ನೀಲಿ ಕೋಟು ಹಾಕಿರಲಿಲ್ಲ. ಮುಂದೆ ಬಂದು ನಿಂತು ಏನೋ ಅಂದಳು. ಅವಳ ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ.

“ಕೇಳ್ಲಿಲ್ಲ” ಎಂದ ಉಲ್ಲಾಸ.

ಮತ್ತೊಮ್ಮೆ ಅಂದಳು.

“ಅಷ್ಟು ದೊಡ್ಡ ಗಂಟಲದೆ, ಎಲ್ಲಿ ಹೋತು ಇವತ್ತು? ಜೋರಾಗಿ ಹೇಳು ದುರ್ಗಕ್ಕಾ, ತಾಯಿಗೆ ಕೇಳ್ಬೇಕಲ್ಲ!”

ಜನ ನಕ್ಕರು. ಕಲ್ಲವ್ವ ನಕ್ಕಳು, ಆ ಕಕ್ಕಸಿನ ಕಲ್ಲವ್ವ. ಟಾರ್ಪಾಲು ಬದಲಾಯಿಸಿಕೊಂಡವರು ನಕ್ಕರು. ಅವಳು ಕೂಗಿದ್ದರಿಂದ ಓಡಿ ಜೀವ ಉಳಿಸಿಕೊಂಡ ಒಂದೊಂದು ಮುಖವೂ ಅಲ್ಲಿತ್ತು. ಆಗ ದುರ್ಗಿ ಕೂಗಿದಳು. ಗುಡ್ಡ ಬಿದ್ದ ದಿನ ಕೂಗಿದ ಹಾಗೆಯೇ ಕೂಗಿದಳು.

“ನಾನೇ ಹುಟ್ಟಿಸಿ ಹೇಳ್ದೆ! ಯಾರೂ ನಂಗೆ ಹೇಳ್ಕೊಡ್ಲಿಲ್ಲ! ತಟ್ಟೂದಿದ್ರೆ ನಂಗೇ ತಟ್ಲಿ!”

ಆಚೆ ಗುಡ್ಡಕ್ಕೆ ತಾಗಿ ಮಾತು ತಿರುಗಿ ಬಂತು. ಇಲ್ಲಿಗೆ ಬಿಡಬಹುದಿತ್ತು. ಆ ನೀಚ ಬಿಡಲಿಲ್ಲ. ಗಂಗೆಯ ಕಡೆ ತಿರುಗಿ, “ನೀ ಎಂತ ಹೇಳ್ತೆ ತಂಗಿ? ನಿನ್ ಕೈ ನಮ್ಮನೇಲಿ ಕೊಯ್ದಿದ್ದಾ?” ಎಂದ.

ಗಂಗೆ ಸುಮ್ಮನಿರುತ್ತಾಳೆ ಎಂದುಕೊಂಡೆ ನಾನು. ದುರ್ಗಿಯೂ ಹಾಗೆಯೇ ಅಂದುಕೊಂಡಿದ್ದಿರಬೇಕು, ತಲೆಯೆತ್ತಿ ಅವಳನ್ನು ನೋಡಿದಳು.

“ಅಲ್ಲ ಅಣ್ಣ” ಎಂದಳು ಗಂಗೆ. “ಮನೇಲಿ ಕಟ್ಟಿಗೆ ಒಡೀಬೇಕಾದ್ರೆ ತಾಗಿದ್ದು. ದುರ್ಗಕ್ಕಂಗೆ ಮೊದ್ಲಿಂದಾನೂ ಹಂಗೇ, ಬಾಯಿ ಸುಮ್ನಿರೂದಿಲ್ಲ. ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು.”

ನಾನು ಅಲ್ಲೇ ಗಂಟಲು ಹರಿಯುವ ಹಾಗೆ ಕಿರುಚಿದೆ, ನಿಮ್ಮ ಬಾಯಿಗೆ ಹುಳ ಬೀಳ್ಲಿ ಎಂದೆ. ಹೊರಗಿನ ಹೆಂಗಸು, ಮಧ್ಯೆ ಬರಬೇಡ ಎಂದು ಇಬ್ಬರು ಗಂಡಸರು ನನ್ನನ್ನು ರಸ್ತೆಗೆ ತಂದು ಬಿಟ್ಟರು. ಉಲ್ಲಾಸ ಎಲ್ಲರಿಗೂ ತೆಂಗಿನಕಾಯಿಯ ಚೂರು ಹಂಚಿದ. ದುರ್ಗಿಗೂ ಕೊಟ್ಟ. ಅವಳು ಅದನ್ನು ಹಿಡಿದುಕೊಂಡೇ ಬಂದು ನನ್ನ ಬೆಂಚಿನ ಮೇಲೆ ಕೂತಳು, ತಿನ್ನಲಿಲ್ಲ.

ಆನಂದ ವಿಚಾರಣೆಗೆ ಬರುವ ಹೊತ್ತಿಗೆ ವಿಚಾರಿಸಲು ಏನೂ ಉಳಿದಿರಲಿಲ್ಲ. ಹೆಂಗಸರೆಲ್ಲ ಒಂದೇ ಮಾತು: ನಾವು ಸುಲಿತಕ್ಕೆ ಹೋದದ್ದು ನಮ್ಮ ಖುಷಿಗೆ, ಊರೊಟ್ಟಿಗೆ ಕೆಲಸ. ಅವನು ದುರ್ಗಿಯನ್ನು ಬೆಂಚಿನ ಮೂಲೆಗೆ ಕೂರಿಸಿಕೊಂಡು ದನಿ ತಗ್ಗಿಸಿ ಕೇಳಿದ.

“ನನ್ನ ಮುಂದಾದ್ರೂ ಖರೇ ಹೇಳ್ರಿ ಅಕ್ಕಾರ. ಯಾರು ಹೇಳಿದ್ದು? ಹೆಸರು ಕೊಟ್ರ ನಾ ನಿಮ್ಮನ್ನ ಉಳಿಸ್ತೀನಿ.”

“ಸತ್ರೂ ಹೇಳ್ಬೇಡ ಅಂದವ್ರು ನೀವೇ ಅಲ್ದಾ ಸಾರ್?”

ಹುಡುಗನ ಮುಖ ಕೆಂಪಾಯಿತು. ಆಚೆ ಈಚೆ ನೋಡಿದ. ದುಡ್ಡು ಕೊಟ್ಟ ಹೊರದೇಶದವರು ಮನೆ ನೋಡಲು ಬರುವುದಿತ್ತಂತೆ, ಅಷ್ಟರೊಳಗೆ ದೂರು ಮುಗಿಯಬೇಕಿತ್ತಂತೆ. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ನೆರವು ನಿಲ್ಲಿಸಬೇಕೆಂಬುದು ಅವರ ನಿಯಮ. ಅದನ್ನು ಓದಿ ಹೇಳುವಾಗ ಅವನ ನಾಲಿಗೆ ತೊದಲಿತು, ನಿಜ. ತೊದಲಿದರೆ ಏನಾಯಿತು? ಓದಿ ಮುಗಿಸಿದ. ನೀಲಿ ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. ದುರ್ಗಿಗೆ ಮನೆ ಇಲ್ಲ ಎಂದಾಯಿತು.

“ಅಲ್ಲೋ, ಮಣ್ಣಿನಡಿ ಮನಿ ಹೋಗಿದ್ದು ಅಕೀದು ಒಬ್ಬಾಕೀದಲ್ಲೋ!” ಎಂದೆ. ಅವನು ಚಹಾದ ದುಡ್ಡನ್ನು ಬೆಂಚಿನ ಮೇಲಿಟ್ಟು ಜೀಪು ಹತ್ತಿದ.

ಮನೆ ಕೊಡುವ ದಿನ ಶಾಮಿಯಾನ ಹಾಕಿದರು. ಮೈಕಿನಲ್ಲಿ, ಈ ಕೇರಿಯಿಂದ ಬಂದ ದೂರುಗಳೆಲ್ಲ ಇತ್ಯರ್ಥವಾಗಿವೆ, ಈಗ ಒಂದೂ ಬಾಕಿಯಿಲ್ಲ ಎಂದು ಓದಿದರು. ಚಪ್ಪಾಳೆಯೋ ಚಪ್ಪಾಳೆ. ದುರ್ಗಿಗೆಂದು ಗೊತ್ತುಮಾಡಿದ್ದ ಮನೆ ಖಾಲಿ ಉಳಿದಿತ್ತಲ್ಲ, ಅದಕ್ಕೆ ಉಲ್ಲಾಸ ತಾನೇ ನಿಂತು ಗಂಗೆಯ ಹೆಸರು ಶಿಫಾರಸು ಮಾಡಿದ. ಕಾಯಿಲೆಯ ಮಗುವಿರುವ ಬಡವಿ, ನಾವಲ್ಲದೆ ಯಾರು ನೋಡಬೇಕು ಎಂದ. ಗಂಗೆ ಬೀಗದ ಕೈ ತೆಗೆದುಕೊಂಡು ಅವನ ಕಾಲಿಗೆ ಬಿದ್ದಳು. ಗಾಯ ಮಾಗಿತ್ತು, ಹೆಬ್ಬೆರಳು ಮಾತ್ರ ಸೊಟ್ಟಗಾಗಿ ಉಳಿದಿತ್ತು.

ಶೆಡ್ಡುಗಳನ್ನು ಕಿತ್ತರು. ದುರ್ಗಿ ಒಂದು ಚಾಪೆ, ಒಂದು ಪಾತ್ರೆ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದಳು. ನಾನು ಕರೆದೆ. ಒಳಗೆ ಮಲಗು ಎಂದರೆ ಒಪ್ಪಲಿಲ್ಲ, ಸೌದೆಯ ಮಾಡಿನಡಿ ಚಾಪೆ ಹಾಸಿದಳು. ಅವತ್ತಿನಿಂದ ಲೋಟ ತೊಳೆಯುತ್ತಾಳೆ, ಒಲೆಗೆ ಸೌದೆ ಹಾಕುತ್ತಾಳೆ. ಬೇಕಾದಷ್ಟೇ ಮಾತು, ಅದೂ ಪಿಸುಮಾತು. ಚೌಡಿಯ ಎದುರು ಕೂಗಿದ ಮೇಲೆ ಅವಳು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಕೇರಿಯವರು ಅಂಗಡಿಗೆ ಬಂದರೆ ಅವಳ ಕೈಯ ಚಹಾ ಕುಡಿಯುವುದಿಲ್ಲ, ಹುಯಿಲು ತಟ್ಟಿದವಳಂತೆ. ಕುಡಿಯದಿದ್ದರೆ ಎದ್ದು ಹೋಗ್ರಿ ಎಂದು ನಾನೂ ಓಡಿಸುತ್ತೇನೆ.

ಜೂನ್ ಬಂತು, ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಗಂಗೆ ಬಂದಳು, ತಲೆಗೆ ಗೊಬ್ಬರದ ಚೀಲ ಕವುಚಿಕೊಂಡು. ಅಂಗಡಿಯೊಳಗೆ ಬರಲಿಲ್ಲ, ಹಿಂದಿನಿಂದ ಮಾಡಿನ ಹತ್ತಿರ ಹೋದಳು. ನಾನು ಕಿವಿ ನೆಟ್ಟಗೆ ಮಾಡಿದೆ.

“ದುರ್ಗಕ್ಕಾ.”

ದುರ್ಗಿ ಲೋಟ ತೊಳೆಯುತ್ತಿದ್ದಳು. “ಮಗು ಹೆಂಗದೆ?” ಎಂದಳು.

“ಅದಕ್ಕೇ ಬಂದಿದ್ದೆ. ಮನೆ ಸೋರ್ತದೆ ಅಕ್ಕ. ಶೀಟು ಬಿರುಕು ಬಿಟ್ಟದೆ. ಮಗು ಮಲಗೂ ಜಾಗಕ್ಕೇ ನೀರು, ಚಳಿಗೆ ನಡುಗ್ತದೆ, ಮತ್ತೆ ಮತ್ತೆ ಫಿಟ್ಸ್ ಬರ್ತದೆ. ಉಲ್ಲಾಸಣ್ಣನ ಹತ್ರ ಹೇಳಿದ್ರೆ, ಸಿಕ್ಕಿದ್ರಲ್ಲಿ ಖುಷಿಯಾಗಿರು ಅಂದ್ರು. ನಾನೇ ಸಂಸ್ಥೆಗೆ ಫೋನ್ ಮಾಡಿದ್ರೆ ಅವ್ರಿಗೆ ಸಿಟ್ಟು ಬರ್ತದೆ.” ತಲೆಯ ಚೀಲ ಸರಿಮಾಡಿಕೊಂಡು, “ನೀ ಒಂದ್ ಮಾತು ಹೇಳಕ್ಕ. ನಿನ್ ಮಾತು ಕೇಳ್ತಾರೆ” ಎಂದಳು.

ಇವಳಿಗೆ ನಾಚಿಕೆಯೆಂಬುದೇ ಇಲ್ಲವೇ ಎಂದು ನನಗೆ ಮೈಯೆಲ್ಲ ಉರಿಯಿತು. ದುರ್ಗಿ ಎದ್ದು ಕೈ ಒರೆಸಿಕೊಂಡಳು. ಹೋಗಿಯೇ ಬಿಡುತ್ತಾಳೇನೋ ಎಂದು ಒಂದು ಕ್ಷಣ ಹೆದರಿದೆ.

“ನಾನು ಸುಳ್ಳಿ ಅಂತ ಅವ್ರ ಕಂಪ್ಯೂಟರಿನಲ್ಲಿ ಬರೆದದೆ ಗಂಗೆ” ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. “ನಾನು ಸೋರ್ತದೆ ಅಂದ್ರೆ, ಸೋರೂದಿಲ್ಲ ಅಂತ ಬರ್ಕಂ‌ತಾರೆ.”

ಗಂಗೆ ಅಂಗಡಿಯ ಮುಂದಕ್ಕೆ ಬಂದು ನನ್ನ ಮುಖ ನೋಡಿದಳು.

“ಪಾರ್ವತವ್ವ, ನೀವಾದ್ರೂ ಒಂದು ಫೋನ್ ಮಾಡಿ. ನೀವು ಯಾರಿಗೂ ಹೆದರೂದಿಲ್ಲ.”

“ನಾ ಫಲಾನುಭವಿ ಅಲ್ಲವ್ವ” ಎಂದೆ.

ಅವಳು ಚೀಲ ಕವುಚಿಕೊಂಡು ಕೇರಿಯ ದಾರಿ ಹಿಡಿದಳು. ನಾನು ಬೇಕೆಂದೇ ಹೇಳಿದೆ, ಅವಳಿಗೆ ನೋಯಲಿ ಎಂದೇ ಹೇಳಿದೆ, ಇವತ್ತಿಗೂ ನನಗೆ ಅದರ ಬೇಜಾರಿಲ್ಲ. ದುರ್ಗಿ ಮಾತ್ರ ಸಂಜೆಯ ತನಕ ನನ್ನ ಹತ್ತಿರ ಮಾತಾಡಲಿಲ್ಲ. ಬಸ್ಸು ಬಂತು, ಜನ ಇಳಿದರು, ಒಬ್ಬ ಅವಳ ಕಡೆ ಕೈ ತೋರಿಸಿ ಇವರಿಗೆ ಮಾತು ಬರುವುದಿಲ್ಲವೇ ಎಂದು ಕೇಳಿದ. ದುರ್ಗಿ ಅವನಿಗೆ ಇಲ್ಲವೆಂದು ತಲೆಯಾಡಿಸಿ, ಲೋಟ ತೆಗೆದುಕೊಂಡು ಹೋದಳು.